ಸಾತ್ವಿಕ ಮೀನು

ಶಶಾಂಕ ನೈವೇದ್ಯದ ಅನ್ನವನ್ನು ಚಿಟಿಕೆ ಚಿಟಿಕೆಯಾಗಿ ಉಪ್ಪುನೀರಿನ ಗಾಜಿನ ತೊಟ್ಟಿಗೆ ಉದುರಿಸುತ್ತ, ಸೋಂದಾದಿಂದ ಊಟಕ್ಕೆ ಬಂದ ನೆಂಟರಿಗೆ ಹೇಳಿದ: "ನಮ್ಮನೆ ಏಂಜಲ್ ಮೀನು ಸಿಗಡಿ ಗಿಗಡಿ ಎಂತದೂ ಮುಟ್ತಿಲ್ಲೆ. ಶುದ್ಧ ಸಾತ್ವಿಕ." ನೆಂಟರು ಕೈಮುಗಿಯುವುದೊಂದು ಬಾಕಿ.

ನೀಲಿ-ಹಳದಿ ಪಟ್ಟೆಯ ದೊಡ್ಡ ಮೀನು ಗಾಜಿನ ಹತ್ತಿರ ಬಂತು. ತಕ್ಕ ಆಹಾರವಿಲ್ಲದೆ ಅದರ ಕಣ್ಣಿನ ಸುತ್ತ ಗೆದ್ದಲು ತಿಂದಂತೆ ತೂತು ಬಿದ್ದಿತ್ತು. ಅದು ಉಗುಳಿದ ಅನ್ನ ತಳದಲ್ಲಿ ಕೊಳೆತು ಲೋಳೆಯಾಗಿತ್ತು.

ಅವನ ಹೆಂಡತಿ ಗಗನಾ ಒಳಗೆ ಹೋದಳು. ಕುಮಟೆಯಿಂದ ತರಿಸಿ ಫ್ರಿಜ್ಜಿನಲ್ಲಿ ಬಚ್ಚಿಟ್ಟಿದ್ದ ಸಿಗಡಿಯ ಪೊಟ್ಟಣ ತಂದು ಬಿಚ್ಚಿದಳು. ಜನ್ಮದಲ್ಲಿ ಅದನ್ನು ಮುಟ್ಟಿದವಳಲ್ಲ. ತಣ್ಣನೆಯ ಲೋಳೆ ಬೆರಳಿಗೆ ಹತ್ತಿತು. ಉಸಿರು ಬಿಗಿಹಿಡಿದು ಒಂದನ್ನು ನೀರಿನಲ್ಲಿ ಅದ್ದಿ ಹಿಡಿದಳು. ಸಾತ್ವಿಕ ಮೀನು ನುಗ್ಗಿ ಬಂದು ಅವಳ ಬೆರಳಿನಿಂದಲೇ ಕಿತ್ತುಕೊಂಡು ನುಂಗಿತು.

"ಶೀ, ಅಸಹ್ಯ! ಮೊದ್ಲು ಕೈ ತೊಳ್ಕಂಡು ಬಾ!" ಶಶಾಂಕ ಚೀರಿದ. ನೆಂಟರು ಮೂಗು ಮುಚ್ಚಿಕೊಂಡರು.

ಗಗನಾ ಮೀನಿನ ಮುಖದ ತೂತುಗಳನ್ನು ನೋಡಿದಳು, ಅವನ ಕೈಯಲ್ಲಿದ್ದ ಅನ್ನದ ಬಟ್ಟಲನ್ನೂ ನೋಡಿದಳು.

"ತೊಳ್ಕತ್ತೆ," ಎಂದಳು. "ಇನ್ನೊಂದ್ಸಲ ಅದಕ್ಕೆ ಅನ್ನ ಹಾಕಿದ್ರೆ, ತೊಳೀದೆ ಇದೇ ಕೈಯಲ್ಲಿ ನಿಂಗೆ ಬಡಿಸ್ತೆ."