ವಾಪಸು ಟಿಕೆಟ್

ತೀರಿಕೊಂಡವರು ಬದುಕಿದ್ದ ಕಾಲಕ್ಕೆ ಹೋಗುವ ಸಿಟಿ ಬಸ್ಸಿನಲ್ಲಿ ಎಂದಿನಂತೆ ನೂಕುನುಗ್ಗಲು. ವನಜಾಕ್ಷಿ ಇಳಿದು, ನಿಲ್ದಾಣದ ಕಲ್ಲುಬೆಂಚಿನಲ್ಲಿ ಕಾಯುತ್ತಿದ್ದ ಗಂಡ ಮಾದಯ್ಯನ ಪಕ್ಕ ಕೂತಳು. ವಾಪಸು ಟಿಕೆಟ್ಟಿಗೆ ಎರಡೇ ಗಂಟೆ ಆಯಸ್ಸು. ಅವಧಿ ಮೀರಿದರೂ ಟಿಕೆಟ್ ಹರಿದರೂ ಇಲ್ಲೇ ಕಾಯಂ.

ಮಾದಯ್ಯ ಮೂಗಿನಿಂದ ಕಂಡಕ್ಟರನ ದನಿ ತೆಗೆದ: "ಒಳಗ್ ನಡೀರಿ, ಒಳಗೆ ಮದ್ವೆ ಮಾಡೋವಷ್ಟು ಜಾಗ ಇದೆ!"

ಅವಳು ಬಿದ್ದು ಬಿದ್ದು ನಕ್ಕಳು.

"ಮಗಳಿಗೆ ಹೇಳಿ ಬಂದ್ಯಾ?"

"ಹೂಂ ರೀ, ಈ ಸಲ ಎಲ್ಲಾ ಹೇಳೇ ಬಂದಿದೀನಿ. ಈ ಟಿಕೆಟ್ಟನ್ನ ಸ್ವಲ್ಪ ಹಿಡ್ಕೊಳ್ಳಿ, ಜಡೆ ಬಿಚ್ಚೋಯ್ತು."

ಹರಟುತ್ತಲೇ ಅವನ ಬೆರಳುಗಳು ಹಳೇ ಚಾಳಿಯಂತೆ ಟಿಕೆಟ್ಟನ್ನು ಹೊಸೆದು ಕಡ್ಡಿ ಮಾಡಿದವು. ಕಣ್ಣು ಅರೆಮುಚ್ಚಿ ಅದರಲ್ಲೇ ಹಾಯಾಗಿ ಕಿವಿ ಕೆರೆದುಕೊಂಡ. ಬಸ್ಸು ಬಂದಾಗ ಬಿಡಿಸಿ ನೋಡಿದರೆ ಎರಡು ತುಂಡು.

"ಅಯ್ಯೋ ವನಜಾ, ಎಂಥಾ ಕೆಲ್ಸ ಮಾಡ್ಬಿಟ್ಟೆ!"

ಕಂಡಕ್ಟರ್ ತಲೆಯಾಡಿಸಿ ಸೀಟಿ ಊದಿದ. ಬಸ್ಸು ಹೊರಟುಹೋಯಿತು.

ಇಷ್ಟು ವರ್ಷ ಅವಳು ಟಿಕೆಟ್ಟನ್ನು ಅವನ ಕೈಗೆ ಸಿಗದಂತೆ ರವಿಕೆಯೊಳಗೇ ಇಟ್ಟುಕೊಂಡಿರುತ್ತಿದ್ದಳು.

"ಹೋಗ್ಲಿ ಬಿಡಿ," ಎಂದು ಹತ್ತಿರ ಸರಿದು ಕೂತಳು. "ಇನ್ನೊಂದ್ಸಲ ಆ ಕಂಡಕ್ಟರ್ ಥರ ಕೂಗಿ."