ಮಗಳ ಸಂಬಳ

“ನಂಗೂ ಕೆಲಸ ಸಿಕ್ತು ಸಾರ್! ಇನ್ಮೇಲೆ ನಮ್ಮಮ್ಮನಿಗೆ ಯಾವ ಕಷ್ಟಾನೂ ಇಲ್ಲ,” ಎಂದು ಮಗಳು ಹೆಮ್ಮೆಯಿಂದ ಹೇಳಿದೊಡನೆ, ತಾಯಿಯ ಸಹಾಯಧನದ ಅರ್ಜಿಯ ಮೇಲೆ ಬೀಳಲಿದ್ದ ಮೊಹರು ನರ್ಸಿಂಗ್ ಶಾಲೆಯ ಗುಮಾಸ್ತರ ಕೈಯಲ್ಲೇ ನಿಂತಿತು.

ವರ್ಷಗಟ್ಟಲೆ ಅಂಗಡಿಗಳಿಗೆ ಬಟ್ಟೆ ಹೊಲಿದು, ನಲವತ್ತು ದಾಟಿದ ಮೇಲೆ ಓದಲು ಸೇರಿದ್ದ ತಾಯಿ ಕಣ್ಸನ್ನೆಯಲ್ಲೇ ಮಗಳನ್ನು ತಡೆಯಲು ನೋಡಿದಳು. ಆದರೆ ಮಾತು ಆಗಲೇ ಆಡಿಯಾಗಿತ್ತು.

“ಮನೇಲಿ ಇನ್ನೊಬ್ರು ದುಡಿಯೋರಿದ್ರೆ ಸಹಾಯಧನ ಬರಲ್ಲಮ್ಮ,” ಗುಮಾಸ್ತರು ತಲೆಯೆತ್ತದೆ ಹೇಳಿದರು. “ಫೀಸು ಪೂರ್ತಿ ನೀವೇ ಕಟ್ಟಬೇಕಾಗುತ್ತೆ.” ಮಗಳಿಗೆ ಬರಲಿದ್ದ ಸಂಬಳ ಮನೆ ಬಾಡಿಗೆಗೇ ಸರಿಹೋಗುವಂಥದ್ದು. ಅವಳು ಅಮ್ಮನ ಕಡೆ ತಿರುಗಿದಳು. “ಅಮ್ಮಾ, ನಂಗೆ ಗೊತ್ತಿರ್ಲಿಲ್ಲ ಕಣಮ್ಮ...”

“ಬಿಡೇ ಹುಚ್ಚಿ, ಸದ್ಯ ಪೀಡೆ ತೊಲಗ್ತು! ಆ ಮೂಳೆಗಳ ಹೆಸರು ಉರು ಹೊಡೆದೂ ಹೊಡೆದೂ ತಲೆ ಚಿಟ್ಟು ಹಿಡಿದುಹೋಗಿತ್ತು,” ಎಂದು ತಾಯಿ ನಕ್ಕಳು. ನಗುತ್ತಲೇ ಕೊರಳಲ್ಲಿದ್ದ ವಿದ್ಯಾರ್ಥಿಯ ಗುರುತಿನ ಚೀಟಿಯನ್ನು ತೆಗೆಯಹೋದಳು. ಅದರ ಪಟ್ಟಿ ತುರುಬಿಗೆ ಸಿಕ್ಕಿಕೊಂಡು, ಎಷ್ಟು ಎಳೆದರೂ ಬರಲಿಲ್ಲ. ಕೊನೆಗೆ ಮಗಳೇ ಅವಳ ಹಿಂದೆ ನಿಂತು, ಕೂದಲೆಳೆಗಳನ್ನು ಒಂದೊಂದಾಗಿ ಬಿಡಿಸಿ, ಅದನ್ನು ಅಮ್ಮನ ಕೊರಳಿಂದ ತೆಗೆದಳು.