ಮೆಂಬರ್ ಸೋಮೇಶನ ಕೆಂಪು ಕಲ್ಲು

“ಒಂದ್ಸಲ ಒಪ್ಕಂಡ್ರೆ ವಾಪಸ್ ಬರಕ್ಕಾಗಲ್ಲ ಕಣಣ್ಣ. ಅದ್ಕೇ ಯೋಚ್ನೆ ಮಾಡ್ತಿವ್ನಿ,” ಎಂದ ಮೆಂಬರ್ ಸೋಮೇಶ್, ತಲೆ ಎತ್ತದೆ.

ಬಾಗಿಲಲ್ಲಿ ನಿಂತಿದ್ದ ಶಾಂತಮಲ್ಲಪ್ಪನವರ ಕಣ್ಣು ಒದ್ದೆಯಾಯಿತು. ಚಾಮರಾಜನಗರ ತಾಲ್ಲೂಕು ಪಂಚಾಯ್ತಿಯಲ್ಲಿ ಅಧ್ಯಕ್ಷರ ಕುರ್ಚಿ ಖಾಲಿ ಬಿದ್ದಿತ್ತು. ಮೆಂಬರುಗಳ ಗುಂಪಿಗೆ ಹಿರಿಯರಾದ ಅವರು, ಕುರ್ಚಿಯನ್ನು ಈ ಮನೆಗೇ ತರಬೇಕೆಂದು ಸೋಮೇಶನ ಊರು ಹರವೆಗೆ ಓಡಾಡುತ್ತಿದ್ದರು. ಬಾಗಿಲಿಗೆ ಬಂದ ಅಧಿಕಾರವನ್ನು ಇಷ್ಟು ಅಳೆದು ತೂಗುವ ಗಂಡಸನ್ನು ಅವರು ಕಂಡಿರಲಿಲ್ಲ.

ಪಾಪ, ಸೋಮೇಶ್ ಅಳೆಯುತ್ತಿದ್ದದ್ದು ಕುರ್ಚಿಯನ್ನಲ್ಲ. ತಾನು ಡ್ರ್ಯಾಗನ್ ಆಗಬೇಕೋ ಬೇಡವೋ ಎಂಬುದನ್ನು.

ಚಾಮರಾಜನಗರ ಹೊಸ ಜಿಲ್ಲೆಯಾದ ವರ್ಷ ಅದು. ಅರಿಶಿನದ ಮಂಡಿಗೆಂದು ಅವನ ಅಪ್ಪ ನೀಲಕಂಠಸ್ವಾಮಿ ಮನೆಗೊಂದು ಕಂಪ್ಯೂಟರ್ ತಂದಿದ್ದರು. ಮಂಡಿಯ ವ್ಯವಹಾರ ಅದರ ಹತ್ತಿರವೂ ಸುಳಿಯಲಿಲ್ಲ. ಗುಂಡ್ಲುಪೇಟೆಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಗೆಳೆಯ ನಿಂಗರಾಜು, ಕೇರಳದ ಲಾರಿಯವರು ತಂದದ್ದೆಂದು ಒಂದು ಸಿ.ಡಿ. ಕೊಟ್ಟ. ಅಂದಿನಿಂದ ಸೋಮೇಶ್ ಕತ್ತಿ ಹಿಡಿದ ವೀರ. ಕಾಡು ಸುತ್ತಿದ, ರಾಕ್ಷಸರನ್ನು ಕೊಂದ. ಗಾಯವಾದಾಗಲೆಲ್ಲ ಮದ್ದು ಹಚ್ಚಲು ಆಟದಲ್ಲಿ ಒಬ್ಬಳು ಜೊತೆಗಾತಿಯೂ ಇದ್ದಳು.

ಈಗ ಗುಹೆಯೊಂದರಲ್ಲಿ ಮುದುಕಿಯೊಬ್ಬಳು ಕೆಂಪು ಕಲ್ಲು ಹಿಡಿದು ನಿಂತಿದ್ದಾಳೆ. ನುಂಗಿದರೆ ರೆಕ್ಕೆ, ಬೆಂಕಿ, ಯಾರೂ ಎದುರಿಲ್ಲದ ಬಲ. ಬದಲಿಗೆ ಮನುಷ್ಯರ ಮಾತು ಹೋಗುತ್ತದೆ. ಜೊತೆಗಾತಿ ಬಿಟ್ಟು ಹೋಗುತ್ತಾಳೆ. ನುಂಗುವೆಯಾ, ಇಲ್ಲವಾ? ಪರದೆ ಕೇಳುತ್ತಲೇ ಇತ್ತು. ಸೋಮೇಶ್ ಉಗುರು ಕಡಿಯುತ್ತಲೇ ಇದ್ದ.

ಅವನು ಅಷ್ಟು ಯೋಚಿಸಿದ್ದು ಜೀವನದಲ್ಲಿ ಅದೇ ಮೊದಲು. ಮದುವೆಯನ್ನು ಅಪ್ಪ ಗೊತ್ತು ಮಾಡಿದ್ದರು, ಓದನ್ನು ಮೇಷ್ಟರು ಕೈಬಿಟ್ಟಿದ್ದರು. ಮೆಂಬರ್‌ಗಿರಿ ಮಾತ್ರ ಅವನಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಷ್ಟೇ ಚೆನ್ನಾಗಿ ಒಪ್ಪಿತ್ತು. ಪಂಚಾಯ್ತಿ ಸಭೆಗೆ ಹೆಂಡತಿ ನಯನಾಳನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದ. ಮೇಜು ಕುಟ್ಟಿ ಮಾತಾಡುವುದು ಅವನ ಕೆಲಸ. ಉಳಿದ ಸಣ್ಣಪುಟ್ಟದ್ದು ಅವಳದು. ಕಂಪ್ಯೂಟರ್ ಬಂದ ಮೇಲೆ ಅವನು ಹೋಗುವುದೇ ನಿಂತಿತು. “ನೀನೇ ಹೋಗಿ ಬಾ, ಏನಾರ ಕೇಳಿದ್ರೆ ತಲೆ ಆಡ್ಸು,” ಎಂದುಬಿಟ್ಟಿದ್ದ.

ನಯನಾ ಹೋಗಿ ಬರುತ್ತಿದ್ದಳು. ಬಂದು ಅವನ ಪಕ್ಕ ನಿಂತು ಆಟ ನೋಡುತ್ತಿದ್ದಳು.

“ರೀ, ಆ ಕಲ್ಲು ನುಂಗುದ್ರೆ ಮನೆಯೋರು ಮೊದಲ್ನಂಗೇ ಮಾತಾಡುಸ್ತಾರಾ?”

ಹೆಂಡತಿಗೂ ಆಟದ ರುಚಿ ಹತ್ತಿತಲ್ಲ ಎಂದು ಸೋಮೇಶ್ ಹಿಗ್ಗಿದ. “ಎಲ್ಲಿ ಮಾತಾಡುಸ್ತಾರೆ? ಹೆದುರ್‍ಕತ್ತಾರೆ ಅಷ್ಟೆ.”

“ಹೆದುರ್‍ಕಂಡ್ರೆ ತಪ್ಪಾ?”

“ತಪ್ಪೇನ್ ಬಂತು? ಬಲ ಇರೋರ್‍ನ ಕಂಡು ಜನ ಹೆದುರ್‍ಕಬೇಕು.”

“ಜೊತೇಲಿದ್ದೋರು?”

“ಬುಡು, ಒಂದು ಹೊರೆ ಕಮ್ಮಿ.”

ನಯನಾ ಪರದೆಯ ಮೂಲೆಯಲ್ಲಿ ಮದ್ದಿನ ಚೀಲ ಹಿಡಿದು ನಿಂತಿದ್ದವಳನ್ನೇ ನೋಡಿದಳು. “ಇಷ್ಟು ದಿನ ನಿಮ್ ಗಾಯಕ್ಕೆ ಮದ್ದು ಹಚ್ಚವ್ಳೆ. ಆ ಕಲ್ಲನ್ನ ಅವ್ಳಿಗೇ ಕೊಟ್ರೆ?”

ಸೋಮೇಶ್ ಹೊಟ್ಟೆ ಹಿಡಿದು ನಕ್ಕ. “ಅವ್ಳು ಡ್ರ್ಯಾಗನ್ನಾ? ಅವ್ಳನ್ನ ಯಾರ್ ಕೇಳ್ತಾರಮ್ಮಿ!”

ಅವಳೂ ನಕ್ಕಳು. ಅವನಷ್ಟು ಜೋರಾಗಿ ಅಲ್ಲ.

ಮರುವಾರ ಶಾಂತಮಲ್ಲಪ್ಪನವರು ಮತ್ತೆ ಬಂದರು. ಈ ಸಲ ಕಣ್ಣು ಒಣಗಿತ್ತು. “ನೋಡಪ್ಪ ಮೆಂಬರ್, ಅತ್ಲಾಗಿನ ಗುಂಪ್ನೋರು ತಲೆ ಎಣಿಸ್ತಾವ್ರೆ. ಊ ಅನ್ನು, ಇಲ್ಲ ಉಹೂಂ ಅನ್ನು.”

“ನುಂಗುದ್ರೆ ಮಾತೇ ಹೊರಡಲ್ಲ ಕಣಣ್ಣ. ಅದೊಂದೇ ಕಷ್ಟ.”

“ಅಧ್ಯಕ್ಷರಾಗಿ ನುಂಗ್ದೇ ಇದ್ದೋರು ಯಾರವ್ರೆ? ಮಾತೂ ಚೆನ್ನಾಗೇ ಆಡ್ತಾರೆ,” ಎಂದರು ಶಾಂತಮಲ್ಲಪ್ಪ, ಗಾಬರಿಯಾಗಿ.

“ಅಡುಗೆ ಮನೇಲಿ ನಯನಾ ಅವ್ಳೆ. ಕಾಫಿ ಕುಡ್ಕಂಡು ಓಗಣ್ಣ. ಏನಾರ ಇದ್ರೆ ಅವ್ಳ ತಾವ ಹೇಳು.”

ಅವರಿಗೆ ಆ ದಿನ ಕಾಫಿ ಕುಡಿಯಲು ಬಹಳ ಹೊತ್ತು ಹಿಡಿಯಿತು.

ಅಧ್ಯಕ್ಷರ ಆಯ್ಕೆಯ ದಿನ ನಯನಾ ಬೆಳಿಗ್ಗೆಯೇ ರೇಷ್ಮೆ ಸೀರೆ ಉಟ್ಟು ನಿಂತಳು. “ಬಸ್ಸಿಗೆ ಓಯ್ತೀನಿ. ನೀವು?”

“ನೀನು ನಡಿ. ಇವತ್ತು ಇದನ್ನ ತೀರ್ಮಾನ ಮಾಡೇಬುಡ್ತೀನಿ.”

“ಮಾಡಿ,” ಎಂದಳು. ಹೊಸ್ತಿಲು ದಾಟಿ ಹೊರಟಳು. ಅವನು ತಿರುಗಿ ನೋಡಲಿಲ್ಲ.

ಸೋಮೇಶ್ ಕಣ್ಣು ಮುಚ್ಚಿ ಗುಂಡಿ ಒತ್ತಿದ. ಕಲ್ಲು ನುಂಗಿದ. ರೆಕ್ಕೆ ಬಂತು, ಬೆಂಕಿ ಬಂತು. ಜೊತೆಗಾತಿ ಚೀಲ ಎತ್ತಿಕೊಂಡು ಗುಹೆಯಿಂದ ಹೊರಗೆ ನಡೆದಳು. ಅವನು ಒಂದು ಊರು ಸುಟ್ಟ, ಇನ್ನೊಂದನ್ನೂ ಸುಟ್ಟ. ಎದೆ ಅರಳಿತು. ಮೂರನೆಯ ಊರಿನ ಮೇಲೆ ಹಾರುವಾಗ ಕರೆಂಟು ಹೋಯಿತು.

ಕಪ್ಪು ಪರದೆಯಲ್ಲಿ ಅವನ ಮುಖವೇ ಕಾಣಿಸಿತು. ಅದು ಅಧ್ಯಕ್ಷನ ಮುಖ ಎಂದು ಅವನಿಗೆ ಖಚಿತವಾಯಿತು. ಬೆಂಕಿಯನ್ನೇ ಉಗುಳಿದವನಿಗೆ ಒಂದು ಕುರ್ಚಿ ಯಾವ ಲೆಕ್ಕ? ಬಿಳಿ ಅಂಗಿ ತೊಟ್ಟು, ಸೆಂಟು ಹೊಡೆದು, ಬೈಕ್ ಏರಿದ. ದಾರಿಯುದ್ದಕ್ಕೂ ಭಾಷಣ ಕಟ್ಟಿದ.

ಪಂಚಾಯ್ತಿ ಆಫೀಸಿನ ಮುಂದೆ ಪಟಾಕಿಯ ಚೂರು ಬಿದ್ದಿತ್ತು. ಒಳಗೆ ಚಪ್ಪಾಳೆ. ತಾನು ಬರುವ ಮೊದಲೇ ತನ್ನನ್ನು ಆರಿಸಿಬಿಟ್ಟರಲ್ಲ ಎಂದು ಸೋಮೇಶ್ ಬೀಗಿದ. ಕೂದಲು ನೀವಿಕೊಂಡು ಮೆಟ್ಟಿಲು ಹತ್ತಿದ. ಯಾವಾಗಲೂ ಎದ್ದು ಕೈಮುಗಿಯುತ್ತಿದ್ದ ಜವಾನ ಮೂಗಯ್ಯ ಇವತ್ತು ಬಾಗಿಲಿಗೆ ಅಡ್ಡ ಕೈ ಇಟ್ಟ.

“ಒಳೀಕೆ ಮೆಂಬರುಗಳು ಮಾತ್ರ ಬುದ್ದಿ.”

“ಲೇ, ನಾನ್ ಯಾರು ಅಂತ ಗೊತ್ತೇನ್ಲಾ?”

“ಗೊತ್ತಿಲ್ದೆ ಏನು ಬುದ್ದಿ, ಲೇಡೀಸ್ ಸೀಟಲ್ಲಿ ಎಲೆಕ್ಷನ್ ಗೆದ್ದ ಮೆಂಬರ್ ನಯನಮ್ಮಾರ ಯಜಮಾನ್ರು ನೀವು,” ಎಂದ ಮೂಗಯ್ಯ. “ಈಗ ಅವ್ರು ಅಧ್ಯಕ್ಷರಾದ್ರು, ಗಂಡಂದಿರ್‍ನ ಒಳೀಕೆ ಬುಡ್ಬೇಡ ಅನ್ನೋದು ಅವರ್‍ದೇ ಮೊದಲ್ನೇ ಆರ್ಡರು.”